ಡೈರಿ ಸಾಲಿನಲ್ಲಿ ಕೊನೆಯವಳು

ಆ ವಾರ ನಮ್ಮೂರ ಮಕ್ಕಳೆಲ್ಲ ಒಟ್ಟಿಗೆ ಬಡವರಾಗಿಬಿಟ್ಟರು.

ನಡೆದದ್ದು ಇಷ್ಟು. ನಮ್ಮೂರ ಸರ್ಕಾರಿ ಶಾಲೆಗೆ ಹೊಸದಾಗಿ ಒಬ್ಬ ಟೀಚರು ಬಂದರು. ಧಾರವಾಡದ ಆಚೆಯವರು. ಮಳವಳ್ಳಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡು ದಿನಾ ಪ್ರೈವೇಟ್ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಏಳನೇ ಕ್ಲಾಸಿನ ಮಕ್ಕಳಿಗೆ ಅವರು ಒಂದು ಕೆಲಸ ಕೊಟ್ಟರು. ನಿಮ್ಮ ಮನೆಯ ಕಥೆಯನ್ನು ನೀವೇ ಬರೆದು ತನ್ನಿ. ಪುಸ್ತಕದಲ್ಲಿರುವುದು ಬೇಡ, ಮೊಬೈಲಿನಲ್ಲಿ ಸಿಗುವುದು ಬೇಡ. ಮನೆಯಲ್ಲಿ ಯಾರಿದ್ದಾರೆ, ಏನು ಮಾಡುತ್ತಾರೆ, ಏನು ನಡೆಯುತ್ತದೆ, ಅದನ್ನು ಬರೆಯಿರಿ, ಶನಿವಾರ ಎಲ್ಲರ ಎದುರು ಓದಿ ಎಂದರು.

ಮಕ್ಕಳು ಮನೆಗೆ ಬಂದು ಅದನ್ನೇ ಹೇಳಿದವು. ಮನೆಯಲ್ಲಿ ಎಷ್ಟು ಜನ, ಯಾರ್ಯಾರು ಏನೇನು ಮಾಡುತ್ತಾರೆ ಎಂದು ಸ್ಕೂಲಿನವರು ಬರೆಸಿಕೊಳ್ಳುತ್ತಾರೆ ಎಂದರೆ ನಮ್ಮೂರಿನವರಿಗೆ ಗೊತ್ತಿರುವ ಅರ್ಥ ಒಂದೇ. ಸರ್ವೆ. ಜಾತಿ ಬರೆದುಕೊಳ್ಳಲು ಬಂದವರೂ ಟೀಚರುಗಳೇ, ವೋಟಿನ ಪಟ್ಟಿ ಹಿಡಿದು ಬಂದವರೂ ಟೀಚರುಗಳೇ. ಈಗ ಮಕ್ಕಳ ಕೈಯಲ್ಲೇ ಬರೆಸಿಕೊಂಡು ಅಕ್ಕಿ ಕಾರ್ಡು ರದ್ದು ಮಾಡುವ ಉಪಾಯ ಹೂಡಿದ್ದಾರೆ ಎಂದು ಅರಳಿಕಟ್ಟೆಯಲ್ಲಿ ಮಾತಾಯಿತು. ಅವತ್ತು ಸಂಜೆ ಅಪ್ಪಂದಿರೆಲ್ಲ ಮಕ್ಕಳ ಪಕ್ಕದಲ್ಲಿ ಕೂತು ಹೋಂವರ್ಕ್ ಮಾಡಿಸಿದರು. ಹಿಂದೆ ಯಾವತ್ತೂ ಹಾಗೆ ಕೂತವರಲ್ಲ.

ಶನಿವಾರ ಮಕ್ಕಳು ಓದಿದವು. ನಮಗೆ ಜಮೀನಿಲ್ಲ. ಬೈಕಿಲ್ಲ. ಮನೆ ಸೋರುತ್ತದೆ. ಅಪ್ಪ ಕೂಲಿಗೆ ಹೋಗುತ್ತಾರೆ. ಒಬ್ಬರಾದ ಮೇಲೊಬ್ಬರು ಇದನ್ನೇ ಓದಿದರಂತೆ. ಸ್ವಂತ ಆಲೆಮನೆ ಇಟ್ಟು ಬೆಲ್ಲ ಮಾಡಿಸುವವನೊಬ್ಬ ಇದ್ದಾನೆ, ಮನೆ ಮುಂದೆ ಟ್ರ್ಯಾಕ್ಟರು ನಿಂತಿರುತ್ತದೆ. ಅವನ ಮಗ ನಾವು ಗಂಜಿ ಕುಡಿದು ಮಲಗುತ್ತೇವೆ ಎಂದು ಓದಿದ. ಟೀಚರಿಗೆ ಕಣ್ಣಲ್ಲಿ ನೀರು ಬಂತು. ಸೋಮವಾರ ಮಳವಳ್ಳಿಯಿಂದ ಬರುವಾಗ ಒಂದು ಚೀಲ ಬಿಸ್ಕತ್ತಿನ ಪ್ಯಾಕೆಟ್ಟು ತಂದು ಹಂಚಿದರು. ಆಲೆಮನೆಯವನ ಮಗ ಎರಡು ತಗೊಂಡ.

ಇದನ್ನೆಲ್ಲ ನಾನು ಕೇಳಿದ್ದು ಹಾಲಿನ ಡೈರಿಯಲ್ಲಿ. ನಮ್ಮದೊಂದು ಸೀಮೆ ಹಸು ಇದೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಕ್ಯಾನು ಹಿಡಿದು ಹಾಲು ಹಾಕಲು ಹೋಗುವವಳು ನಾನೇ. ಡೈರಿಯ ಎದುರಿಗೇ ಬಸ್ ಸ್ಟಾಪು. ಆ ಸಂಜೆ ಟೀಚರು ಬಸ್ಸು ಕಾಯುತ್ತ ನಿಂತಿದ್ದವರು ನನ್ನನ್ನು ನೋಡಿ ಹತ್ತಿರ ಬಂದರು.

"ಅಜ್ಜಿ, ಒಂದು ಮಾತು ಕೇಳ್ತೀನ್ರಿ. ಈ ಊರಾಗ ಯಾರಿಗೂ ಹೊಲ ಇಲ್ಲ ಅಂತ ಬರದಾರ ಮಕ್ಕಳು. ಮತ್ತ ಈ ಕಬ್ಬೆಲ್ಲ ಯಾರದ್ರಿ?"

ರಸ್ತೆಯ ಎರಡೂ ಕಡೆ ಕಣ್ಣು ಹರಿಯುವ ತನಕ ಕಬ್ಬು ನಿಂತಿತ್ತು.

"ಯಾರ್ದೂ ಅಲ್ಲ ಕಣಮ್ಮ," ಎಂದೆ. "ಅಕ್ಕಿ ಕಾರ್ಡ್ ಇರೋಗಂಟ ಯಾರ್ದೂ ಅಲ್ಲ."

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ನಗಲು ಶುರು ಮಾಡಿದವರು ಬಸ್ಸು ಬಂದು ಹೋದರೂ ನಗುತ್ತಲೇ ಇದ್ದರು. ಮುಂದಿನ ಬಸ್ಸು ಬರುವ ತನಕ ಡೈರಿ ಮೆಟ್ಟಿಲ ಮೇಲೆ ನನ್ನ ಪಕ್ಕದಲ್ಲೇ ಕೂತರು. ಬಡತನ ಬರೆಯದ ಮಗು ಒಂದೇ ಒಂದು, ಅದು ನಿಮ್ಮ ಮೊಮ್ಮಗಳು; ಶನಿವಾರ ಅವಳು ಓದಲಿಲ್ಲ, ಹಾಳೆಯನ್ನು ನನ್ನ ಕೈಗೆ ಕೊಟ್ಟಳು ಎಂದರು. ಹಾಗಾದರೆ ಏನು ಬರೆದಿದ್ದಾಳೆ ಎಂದು ಕೇಳಿದೆ. ಹೇಳಲಿಲ್ಲ. ಯಾರ ಬಗ್ಗೆ ಬರೆದಿದ್ದಾರೋ ಅವರಿಗೆ ಮೊದಲು ಓದಿ ಹೇಳಬೇಕು, ಅವರು ಒಪ್ಪಿದರೆ ಮಾತ್ರ ಬೇರೆಯವರಿಗೆ ಓದಬೇಕು, ಇದು ನನ್ನ ಕ್ಲಾಸಿನ ನಿಯಮ; ನಿಮ್ಮ ಹತ್ತಿರ ಅವಳೇ ಬರುತ್ತಾಳೆ ಎಂದರು. ಒಪ್ಪಿದರೆ ಪೋಷಕರ ಸಭೆಯಲ್ಲಿ ಅವಳಿಂದಲೇ ಓದಿಸುವ ಆಸೆ ಅವರಿಗೆ. ಹುಡುಗಿಗೂ ಆಸೆ ಇದೆಯಂತೆ.

ನನ್ನ ಬಗ್ಗೆ ಬರೆಯಲು ಏನಿದೆ ಎಂದುಕೊಂಡೇ ಮನೆಗೆ ಬಂದೆ.

ನಮ್ಮ ಮನೆಯ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಯಜಮಾನರು ಹೋಗಿ ವರ್ಷಗಳಾದವು. ಮಗ ಕಬ್ಬು ಬೆಳೆಯುತ್ತಾನೆ. ಭಾರತೀನಗರದ ಸಕ್ಕರೆ ಫ್ಯಾಕ್ಟರಿ ಕಡೆಗೆ ಓಡಾಟ, ಕಟಾವಿನ ಆಳುಗಳನ್ನು ಹುಡುಕುವ ಓಡಾಟ, ಶಾಲೆಯ ಸಮಿತಿಗೂ ಮೆಂಬರು. ಕಿವಿಯಿಂದ ಫೋನು ಇಳಿಯುವುದಿಲ್ಲ. ಸೊಸೆ ಮದ್ದೂರಿನ ಹತ್ತಿರ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಬೆಳಕು ಹರಿಯುವಾಗಲೇ ವ್ಯಾನು ಬಂದು ಹಾರ್ನು ಹೊಡೆಯುತ್ತದೆ, ದೀಪ ಹಚ್ಚುವ ಹೊತ್ತು ಕಳೆದ ಮೇಲೆ ತಂದು ಇಳಿಸುತ್ತದೆ. ಮೊಮ್ಮಗಳಿಗೆ ಸ್ಕೂಲು, ಸ್ಕೂಲು ಬಿಟ್ಟರೆ ಟ್ಯೂಷನ್ನು. ಯಾರೂ ಕೆಟ್ಟವರಲ್ಲ. ನನಗೆ ಅನ್ನಕ್ಕೆ ಕಮ್ಮಿ ಇಲ್ಲ, ಬೀಪಿ ಮಾತ್ರೆಗೆ ಕಮ್ಮಿ ಇಲ್ಲ. ಹಬ್ಬಕ್ಕೆ ಸೀರೆ ಬರುತ್ತದೆ. ಮತ್ತೇನು ಕಮ್ಮಿ ಎಂದು ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಕೇಳಿದ್ದರೂ ಏನೂ ಇಲ್ಲ ಎನ್ನುತ್ತಿದ್ದೆ.

ಮಾರನೇ ದಿನ ಸಂಜೆ ಕೊಟ್ಟಿಗೆಯಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದೆ. ಹುಡುಗಿ ಹಾಳೆ ಹಿಡಿದು ಬಂದು ಕಂಬಕ್ಕೆ ಒರಗಿ ನಿಂತಳು. ಓದಲೋ ಬೇಡವೋ ಎಂಬ ಹಾಗೆ ಹಾಳೆಯನ್ನು ಮಡಚುತ್ತಾಳೆ, ಬಿಡಿಸುತ್ತಾಳೆ.

"ಓದು ಮಗ," ಎಂದೆ. "ನಾನೇನ್ ನಿನ್ನ ತಿಂದಾಕ್ಬುಡ್ತೀನಾ?"

ಓದಿದಳು. ಬಾಯಿಪಾಠವಾಗುವಷ್ಟು ಸಲ ಆಮೇಲೆ ಕೇಳಿದ್ದೇನೆ, ಅದಕ್ಕೇ ಇಲ್ಲಿ ಬರೆಯಬಲ್ಲೆ.

'ನಮ್ಮ ಮನೆಯಲ್ಲಿ ನಾಲ್ಕು ಜನ ಇದ್ದೇವೆ. ಅದರಲ್ಲಿ ಮಾತಾಡಲು ಸಮಯ ಇರುವುದು ಅಜ್ಜಿಗೆ ಮಾತ್ರ. ಆದ್ದರಿಂದ ಅಜ್ಜಿಯ ಜೊತೆ ಮಾತಾಡಲು ಯಾರೂ ಇಲ್ಲ. ಅಜ್ಜಿ ಡೈರಿಗೆ ಎಲ್ಲರಿಗಿಂತ ಮೊದಲು ಹೋಗುತ್ತಾಳೆ, ಎಲ್ಲರಿಗಿಂತ ಕೊನೆಗೆ ಹಾಲು ಹಾಕುತ್ತಾಳೆ. ಹಿಂದೆ ಬಂದವರಿಗೆ ನೀನು ಮುಂದೆ ಹೋಗು, ನನಗೇನು ಕೆಲಸ ಎಂದು ಜಾಗ ಬಿಡುತ್ತಾಳೆ. ಅಜ್ಜಿ ಬಹಳ ಒಳ್ಳೆಯವಳು ಎಂದು ಜನ ಹೇಳುತ್ತಾರೆ. ಅದು ಒಳ್ಳೆಯತನ ಅಲ್ಲ. ಕೊನೆಗೆ ನಿಂತರೆ ಬಂದವರ ಜೊತೆಯೆಲ್ಲ ಮಾತಾಡಬಹುದು. ಕೆಲವು ಸಲ ಫೋನಿನಲ್ಲಿ ಕಂಪನಿಯ ಹುಡುಗಿ ಹಾಡು ಬೇಕಾದರೆ ಒಂದು ಒತ್ತಿ ಎನ್ನುತ್ತಾಳೆ. ಅದು ಮಿಷನ್ನು ಎಂದು ಅಜ್ಜಿಗೆ ಗೊತ್ತು. ಆದರೂ ಪೂರ್ತಿ ಕೇಳಿಸಿಕೊಂಡು, ಬ್ಯಾಡ ಕಣವ್ವ ಎಂದು ಹೇಳಿ ಇಡುತ್ತಾಳೆ. ಸಂಜೆ ನಾನು ಊಟ ಮಾಡುವಾಗ ಅಜ್ಜಿಯೂ ತಟ್ಟೆ ಹಾಕಿಕೊಳ್ಳುತ್ತಾಳೆ. ನನ್ನ ಊಟ ಮುಗಿದರೂ ಅವಳ ಮುದ್ದೆ ಮುಗಿಯುವುದಿಲ್ಲ. ಹಲ್ಲಿಲ್ಲ ಎಂದಲ್ಲ. ಅಮ್ಮ ಬಂದು ತಟ್ಟೆ ಹಾಕಿಕೊಳ್ಳುವವರೆಗೆ ಅವಳು ಮುಗಿಸುವುದಿಲ್ಲ.'

ಇನ್ನೂ ಸ್ವಲ್ಪ ಇತ್ತು. ನನಗೆ ಕೇಳಿಸಲಿಲ್ಲ. ನಿಜ ಹೇಳುತ್ತೇನೆ, ಮೊದಲು ಬಂದದ್ದು ಕೋಪ. ಇಷ್ಟು ವರ್ಷ ಇದನ್ನೆಲ್ಲ ಯಾರಿಗೂ ಕಾಣದ ಹಾಗೆ ಸೆರಗಿನಲ್ಲಿ ಕಟ್ಟಿಕೊಂಡಿದ್ದೆ ಎಂದುಕೊಂಡಿದ್ದರೆ, ಈ ಮೋಟು ಜಡೆಯವಳು ಮೂಲೆಯಲ್ಲಿ ಕೂತು ಎಲ್ಲ ನೋಡಿದ್ದಾಳೆ. ನೋಡುವುದಿರಲಿ, ಮುದ್ದೆ ಎಷ್ಟು ಹೊತ್ತು ಉಣ್ಣುತ್ತೇನೆ ಎಂಬುದನ್ನೂ ಬರೆದಿದ್ದಾಳೆ.

ಹಸುವಿನ ಮೈ ತಟ್ಟುತ್ತ ನಿಂತೆ. ಅವಳು ಕಾದಳು. ಬರೆದದ್ದರಲ್ಲಿ ಒಂದಾದರೂ ಸುಳ್ಳು ಸಿಕ್ಕರೆ ಬೈದುಬಿಡೋಣ ಎಂದು ಹುಡುಕಿದೆ. ಸಿಗಲಿಲ್ಲ. ಓದು, ಸಭೆಯಲ್ಲೇ ಓದು, ನಿಜ ಬರೆದವಳಿಗೆ ಏನು ಹೆದರಿಕೆ ಎಂದೆ. ಅವಳ ಮುಖ ಅರಳಿದ್ದು ನೋಡಿದೆ. ಸ್ಕೂಲಿನಲ್ಲಿ ಏನು ಬಹುಮಾನ ಬಂದಾಗಲೂ ಆ ಮುಖ ಹಾಗಾದದ್ದು ನಾನು ಕಂಡಿಲ್ಲ.

ಅಂದಿನಿಂದ ದಿನಾ ಗಟ್ಟಿಯಾಗಿ ಓದಿ ಓದಿ ಅಭ್ಯಾಸ ಮಾಡಿದಳು. ಕೊಟ್ಟಿಗೆಯಲ್ಲಿ ಮಾಡಿದ್ದರೆ ಆಗುತ್ತಿತ್ತು. ಒಂದು ಸಂಜೆ ಹಜಾರದಲ್ಲೇ ಶುರು ಮಾಡಿದಳು, ಅಪ್ಪ ಅಲ್ಲೇ ಫೋನಿನಲ್ಲಿದ್ದ. ಸ್ವಲ್ಪ ಹೊತ್ತಾದ ಮೇಲೆ ಅವನು ಆಮೇಲೆ ಮಾಡ್ತೀನಿ ಎಂದು ಹೇಳಿ ಫೋನು ಕೆಳಗಿಟ್ಟ. ಅವನು ಫೋನು ಇಟ್ಟದ್ದು ನೋಡಿಯೇ ನನಗೆ ಗಾಬರಿಯಾಯಿತು.

ಅವಳನ್ನು ಬೈಯಲಿಲ್ಲ. ನನ್ನ ಕಡೆ ತಿರುಗಿದ.

"ಏನವ್ವ ಇದು? ಸಭೇಲಿ ನಾನೇ ಮುಂದ್ಗಡೆ ಕುರ್ಚೀಲಿ ಕೂತಿರ್ತೀನಿ. ಹೆತ್ತ ತಾಯ್ನ ಹಿಂಗ್ ಮಡಗವ್ನೆ ಅಂತ ಜನ ಉಗಿಯಾಕಿಲ್ವಾ?"

"ನಿನ್ ಬಗ್ಗೆ ಒಂದಕ್ಸರ ಇಲ್ವಲ್ಲಾ ಅದ್ರಲ್ಲಿ," ಎಂದೆ.

"ಅದೇ ಕಣವ್ವ. ನಾನ್ ಇಲ್ದೆ ಇರೋದೇ ಎಲ್ರಿಗೂ ಕಾಣ್ತದೆ."

ಅಷ್ಟರಲ್ಲಿ ವ್ಯಾನು ಇಳಿದು ಬಂದಿದ್ದ ಸೊಸೆ ಬಾಗಿಲಲ್ಲಿ ನಿಂತಿದ್ದಳು. ಚೀಲ ಇನ್ನೂ ಹೆಗಲಲ್ಲೇ ಇತ್ತು. ಅವಳು ಕೇಳಿಸಿಕೊಂಡಿದ್ದು ಎಷ್ಟೋ ಗೊತ್ತಿಲ್ಲ.

"ಫ್ಯಾಕ್ಟ್ರೀಲಿ ಬೆಳಗಿಂದ ಬೈಗಂಟ ಮಿಷನ್ ಸದ್ದು ಅತ್ತೆ," ಎಂದಳು. "ಪಕ್ಕದೋಳ್ ಜೊತೆ ಮಾತಾಡುದ್ರೆ ಸೂಪರ್‌ವೈಜರ್ ಬತ್ತಾನೆ. ಮನೆಗ್ ಬರೋ ಹೊತ್ಗೆ ಬಾಯೇ ಸತ್ತೋಗಿರ್ತದೆ."

ಹೇಳಿ ಒಳಗೆ ಹೋಗಿ ಸಾರು ಬಿಸಿಗಿಟ್ಟಳು. ಅವಳು ನಮ್ಮ ಮನೆಗೆ ಬಂದು ಇಷ್ಟು ವರ್ಷವಾದ ಮೇಲೆ ಫ್ಯಾಕ್ಟರಿಯ ಒಳಗಿನ ಸಂಗತಿ ಅವಳ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ನಾನೂ ಕೇಳಿರಲಿಲ್ಲ ಎನ್ನುವುದು ಬೇರೆ ಮಾತು.

ಬೇರೆ ಏನಾದರೂ ಬರಿ, ಚೆನ್ನಾಗಿರೋದು ಬರಿ ಎಂದು ಮಗ ಹುಡುಗಿಗೆ ಮೆತ್ತಗೇ ಹೇಳಿದ. ಅವಳು ಅಪ್ಪನನ್ನು ನೋಡಿದಳು, ನನ್ನನ್ನು ನೋಡಿದಳು. ಇದನ್ನೇ ಓದು ಎಂದು ನಾನು ಮತ್ತೊಂದು ಸಲ ಹೇಳಿದೆ. ಅವಳು ಹಾಳೆಯನ್ನು ಮಡಚಿ ಎತ್ತಿಟ್ಟಳು.

ಸಭೆ ನಡೆದದ್ದು ಶಾಲೆಯ ಅಂಗಳದ ಹೊಂಗೆ ಮರದ ಕೆಳಗೆ. ಇದು ಸರ್ವೆ ಅಲ್ಲ, ಕಾರ್ಡಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಟೀಚರು ಮನೆಮನೆಗೆ ಹೋಗಿ ಹೇಳಿ ಬಂದಿದ್ದರಿಂದ ಈ ಸಲ ಮಕ್ಕಳ ಕಥೆಗಳಿಗೆ ಜೀವ ಬಂದಿತ್ತು. ಆಲೆಮನೆಯವನ ಮಗ ಟ್ರ್ಯಾಕ್ಟರಿಗೆ ಪೂಜೆ ಮಾಡುವಾಗ ನಿಂಬೆಹಣ್ಣಿನ ಮೇಲೆ ಹತ್ತಿಸಲು ಹೋಗಿ ಅಪ್ಪ ಹಿತ್ತಲ ಗೋಡೆಗೇ ಹತ್ತಿಸಿದ್ದನ್ನು ಓದಿದ. ಅವನಪ್ಪನೇ ಎಲ್ಲರಿಗಿಂತ ಜೋರಾಗಿ ನಕ್ಕ. ಕೂಲಿಗೆ ಹೋಗುವ ಮನೆಯ ಒಬ್ಬ ಹುಡುಗಿ, ಭತ್ತದ ನಾಟಿಯಲ್ಲಿ ಅವ್ವನ ಕಾಲು ದಿನವೆಲ್ಲ ಕೆಸರಲ್ಲಿದ್ದು ಬೆರಳ ಸಂದು ಬೆಳ್ಳಗಾಗುವುದನ್ನು, ಸಂಜೆ ತಾನು ಅದಕ್ಕೆ ಎಣ್ಣೆ ಹಚ್ಚುವುದನ್ನು ಓದಿದಳು. ಆಗ ಯಾರೂ ನಗಲಿಲ್ಲ. ಆ ಅವ್ವ ಹಿಂದೆ ನಿಂತಿದ್ದವಳು ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು. ಆದರೂ ಮಗಳ ಮೇಲಿಂದ ಕಣ್ಣು ತೆಗೆಯಲಿಲ್ಲ.

ನಮ್ಮ ಹುಡುಗಿಯ ಸರದಿ ಬಂತು. ಹಾಳೆ ಬಿಡಿಸಿದಳು. ಅದು ಬೇರೆ ಹಾಳೆ ಎಂದು ಮಡಚಿದ ಗೆರೆ ನೋಡಿಯೇ ನನಗೆ ಗೊತ್ತಾಯಿತು.

ನಮ್ಮ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂತು ಊಟ ಮಾಡುತ್ತೇವೆ ಎಂದು ಓದಿದಳು. ಅಜ್ಜಿ ದಿನಾ ಕಥೆ ಹೇಳುತ್ತಾಳೆ, ಅಪ್ಪ ಅಮ್ಮ ಇಬ್ಬರೂ ಕೂತು ಕೇಳುತ್ತಾರೆ ಎಂದು ಓದಿದಳು. ಭಾನುವಾರ ಎಲ್ಲರೂ ಸೇರಿ ಶಿವನಸಮುದ್ರಕ್ಕೆ ಹೋಗುತ್ತೇವೆ ಎಂದಳು. ಶಿವನಸಮುದ್ರ ನಾನು ಕೊನೆಯ ಸಲ ನೋಡಿದ್ದು ನನ್ನ ಮಗ ಇವಳಷ್ಟಿದ್ದಾಗ.

ಚಪ್ಪಾಳೆ ಎಲ್ಲರಿಗಿಂತ ಹೆಚ್ಚು ಬಿದ್ದದ್ದು ಅವಳಿಗೇ. ಮಗ ಮುಂದಿನ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತ. ನನ್ನ ಪಕ್ಕದವಳು, ನೀ ಪುಣ್ಯ ಮಾಡಿದ್ದೀಯ ಕಣಮ್ಮ, ನಮ್ಮನೇಲಿ ಇಂಗಿಲ್ಲ ಎಂದು ನನ್ನ ತೊಡೆ ತಟ್ಟಿದಳು. ಹೂಂ ಎಂದೆ. ಅಷ್ಟು ಜನರ ಮಧ್ಯೆ ಕೂತಿದ್ದೆ, ಒಬ್ಬರಿಗೂ ನಾನು ಗೊತ್ತಿರಲಿಲ್ಲ. ಮನೆಯಲ್ಲಿ ಒಬ್ಬಳೇ ಕೂತಾಗ ಅಷ್ಟು ಒಂಟಿ ಅನ್ನಿಸಿದ್ದಿಲ್ಲ. ಕಥೆಯಲ್ಲಿದ್ದ ಆ ಅಜ್ಜಿ ಯಾರೋ, ಅವಳನ್ನು ಕಂಡು ನನಗೇ ಹೊಟ್ಟೆಕಿಚ್ಚಾಯಿತು.

ಮನೆಗೆ ಬಂದು ಅವಳನ್ನು ಹಿಡಿದು ಕೇಳಿದೆ. ಅಪ್ಪನಿಗೆ ಹೆದರಿ ಹಾಗೆ ಮಾಡಿದೆಯಾ ಎಂದೆ. ಅವಳು ತಲೆ ಅಲ್ಲಾಡಿಸಿದಳು.

"ಅಪ್ಪಂಗಲ್ಲ ಕಣಜ್ಜಿ. ಓದ್ಬುಟ್ಟಿದ್ರೆ ನಾಳೆ ಡೈರೀಲಿ ಎಲ್ರೂ ನಿನ್ನ ಅಯ್ಯೋ ಅಂತ ನೋಡ್ತಿದ್ರು. ನೀ ಆಮೇಲ್ ಅಲ್ಲಿಗೂ ಓಗ್ತಿರ್ಲಿಲ್ಲ."

ಅದೂ ನಿಜವೇ. ನಾನು ಯೋಚಿಸದ್ದನ್ನು ಅವಳು ಯೋಚಿಸಿದ್ದಳು. ಹೋಗಲಿ, ಇನ್ನೊಂದು ಕಥೆ ಬರಿ ಎಂದೆ. ಇನ್ನು ಮೇಲೆ ಬರೆಯುವುದಿಲ್ಲ ಎಂದಳು. ನಿಜ ಬರೆದರೆ ಯಾರಿಗಾದರೂ ನೋವಾಗುತ್ತದೆ, ಸುಳ್ಳು ಬರೆದರೆ ಚಪ್ಪಾಳೆ ತಟ್ಟುತ್ತಾರೆ, ನನಗೆ ಎರಡೂ ಬೇಡ ಎಂದಳು. ಹೇಳುವಾಗ ಅಳಲಿಲ್ಲ. ಅತ್ತಿದ್ದರೆ ನಾಳೆಗೆ ಸರಿಯಾಗುತ್ತದೆ ಎಂದು ಸುಮ್ಮನಿರುತ್ತಿದ್ದೆ.

ಮುಂದಿನ ಶನಿವಾರ ಅವಳು ಖಾಲಿ ಹಾಳೆ ಕೊಟ್ಟಳಂತೆ. ಅದರ ಮುಂದಿನ ಶನಿವಾರವೂ ಹಾಗೇ. ಟೀಚರು ಬಸ್ ಸ್ಟಾಪಿನಲ್ಲಿ ಸಿಕ್ಕಾಗ ನೀವಾದರೂ ಬೈದು ಬರೆಸಿ ಎಂದೆ. ಅವರು ನಗಲಿಲ್ಲ.

"ಬೈದು ಬರೆಸೂದಲ್ರಿ ಅಜ್ಜಿ ಇದು. ಸುಳ್ಳು ಓದಿ ಚಪ್ಪಾಳಿ ತಗೊಂಡ ಮಗು ಮತ್ತ ಖರೇ ಬರೀಬೇಕಂದ್ರ ಯಾರರ ಜೋಡಿ ಬೇಕು."

ಅವರು ಬಸ್ಸು ಹತ್ತಿ ಹೋದರು. ನಾನು ಅಲ್ಲೇ ನಿಂತು ಯೋಚಿಸಿದೆ. ಜೋಡಿ ಯಾರು ಹೋಗಬೇಕು? ಅಪ್ಪನಿಗೆ ಮಾನ, ಅಮ್ಮನಿಗೆ ಸುಸ್ತು. ಪುರುಸೊತ್ತು ಇರುವವಳು ನಾನೊಬ್ಬಳೇ.

ನಾನು ಓದಿದ್ದು ಮೂರನೇ ಕ್ಲಾಸು. ತಂಗಿಯನ್ನು ಎತ್ತಿಕೊಳ್ಳಲು ಆಳು ಬೇಕು ಎಂದು ಬಿಡಿಸಿದರು. ಬಸ್ಸಿನ ಬೋರ್ಡು ಓದುತ್ತೇನೆ, ಕಡಲೆಕಾಯಿ ಕಟ್ಟಿಕೊಟ್ಟ ಪೇಪರು ಓದುತ್ತೇನೆ. ಅಲ್ಲಿಯ ತನಕ ಬರೆದದ್ದು ಎಂದರೆ ಸಹಿ ಮಾತ್ರ. ಆ ವಾರ ಮಧ್ಯಾಹ್ನಗಳಲ್ಲಿ ಜಗಲಿಯ ಮೇಲೆ ಕೂತು ಬರೆದೆ. ಮೂಳೆ ನೋಯುವ ಕೆಲಸ ಅದು. ಕಳೆ ಕೀಳುವಾಗ ಬೆನ್ನು ನೋಯುತ್ತದೆ, ಬರೆಯುವಾಗ ಎಲ್ಲಿ ನೋಯುತ್ತದೆ ಎಂದೇ ತಿಳಿಯುವುದಿಲ್ಲ. ಒಂದು ಸಾಲು ಬರೆಯುವುದರಲ್ಲಿ ಬಿಸಿಲು ಜಗಲಿಯಿಂದ ಇಳಿದು ಬೀದಿಗೆ ಹೋಗಿರುತ್ತಿತ್ತು. ಆದರೂ ಆ ಮಧ್ಯಾಹ್ನಗಳು ಬೇಗ ಕಳೆದವು ಎನ್ನಬೇಕು.

ಶನಿವಾರ ಸ್ಕೂಲಿಗೆ ಹೋದೆ. ಬಾಗಿಲಲ್ಲಿ ನನ್ನನ್ನು ನೋಡಿ ನಮ್ಮ ಹುಡುಗಿ ತಲೆ ತಗ್ಗಿಸಿದಳು. ಅಜ್ಜಿ ಯಾಕೆ ಬಂದಳು ಎಂದು ಮಕ್ಕಳು ಗುಸುಗುಸು ಮಾಡಿದವು. ನಾನೂ ಕಥೆ ಬರೆದಿದ್ದೇನೆ, ಓದುತ್ತೇನೆ ಎಂದು ಟೀಚರಿಗೆ ಹೇಳಿದೆ. ಅವರು ತಮ್ಮ ಕುರ್ಚಿ ಬಿಟ್ಟುಕೊಟ್ಟರು. ಕೂರಲಿಲ್ಲ, ನಿಂತೇ ಓದಿದೆ. ಕಾಗುಣಿತ ಕೂಡಿಸಿ ಕೂಡಿಸಿ ಓದುವುದನ್ನು ಕೇಳಿ ಮಕ್ಕಳು ಕಿಸಕ್ಕೆಂದವು. ನಗಲಿ ಎಂದು ಬಿಟ್ಟೆ.

ನಾನು ಡೈರಿಯಲ್ಲಿ ಬೇಕೆಂದೇ ಕೊನೆಗೆ ನಿಲ್ಲುತ್ತೇನೆ, ಮಾತು ಸಿಗಲಿ ಎಂದು ನಿಲ್ಲುತ್ತೇನೆ ಎಂದು ಓದಿದೆ. ನನ್ನ ಮಗ ಸೊಸೆ ಕೆಟ್ಟವರಲ್ಲ, ಅವರಿಗೆ ಪುರುಸೊತ್ತಿಲ್ಲ, ನನಗೆ ಪುರುಸೊತ್ತು ಬಿಟ್ಟರೆ ಬೇರೆ ಏನೂ ಇಲ್ಲ ಎಂದು ಓದಿದೆ. ಕಿಸಕ್ಕೆನ್ನುವುದು ನಿಂತಿತು. ಮಧ್ಯಾಹ್ನದ ಬಸ್ಸು ಬರುವ ಹೊತ್ತಿಗೆ ಸ್ಟಾಪಿಗೆ ಹೋಗಿ ಯಾರು ಇಳಿಯುತ್ತಾರೆ ಎಂದು ನೋಡುತ್ತೇನೆ, ನನಗಾಗಿ ಇಳಿಯುವವರು ಯಾರೂ ಇಲ್ಲ, ಆದರೂ ಇಳಿದವರು ಎಲ್ಲಿಗೆ ಎಂದು ಕೇಳುತ್ತೇನೆ ಎಂದು ಓದಿದೆ. ಇದು ಹುಡುಗಿಗೆ ಗೊತ್ತಿರಲಿಲ್ಲ, ಅವಳು ತಲೆ ಎತ್ತಿದಳು. ಕೊನೆಗೆ, ಉಳಿದ ಹೊತ್ತಿನಲ್ಲಿ ಟೀವಿ ನೋಡುತ್ತೇನೆ, ಹಾಗೆ ಹೊತ್ತು ಹೋಗುತ್ತದೆ ಎಂದು ಬರೆದಿದ್ದೆ. ಅದನ್ನೂ ಓದಿದೆ.

ಹಿಂದಿನ ಬೆಂಚಿನಿಂದ ಅವಳು ಎದ್ದು ನಿಂತಳು.

"ಅದ್ ಸುಳ್ಳು ಕಣಜ್ಜಿ. ನೀ ಟೀವಿ ನೋಡಾಕಿಲ್ಲ."

ನೋಡುತ್ತೇನೆ ಎಂದೆ.

"ಇಲ್ಲ. ಸೌಂಡ್ ಮಡಗಿರ್ತೀಯ ಅಷ್ಟೆ. ಟೀವಿ ಕಡೆ ಬೆನ್ನಾಕಂಡು ಬಾಗ್ಲ ಕಡೆ ತಿರಿಕ್ಕಂಡ್ ಕೂತಿರ್ತೀಯ. ಮನೇಲಿ ಯಾರೋ ಅವ್ರೆ ಅನ್ನಂಗ್ ಇರ್ಲಿ ಅಂತ."

ನಾನು ಹಾಗೆ ಕೂರುತ್ತೇನೆ ಎಂದು ನನಗೇ ಗೊತ್ತಿರಲಿಲ್ಲ. ಆಮೇಲೆ ನೆನೆಸಿಕೊಂಡರೆ, ಹೌದು, ಹಾಗೇ ಕೂರುತ್ತೇನೆ. ಧಾರಾವಾಹಿಯವರ ಮುಖ ಒಂದೂ ನೆನಪಿಲ್ಲ, ದನಿ ಎಲ್ಲರದೂ ಗೊತ್ತು. ಟೀಚರು ಕಿಟಕಿಯ ಕಡೆ ನೋಡುತ್ತಿದ್ದರು.

"ಅಂಗಾರೆ ನೀನೇ ಬರಿ ಮಗ," ಎಂದೆ. "ನಂಗ್ ಬೆನ್ ಹಿಂದ್ಲದು ಕಾಣಾಕಿಲ್ಲ."

ನನ್ನ ಹಾಳೆ ಮಡಚಿಕೊಂಡು ಹೊರಟುಬಂದೆ. ಅವಳು ಹಿಂದೆ ಬರಲಿಲ್ಲ. ಪಾಠ ನಡೆಯುತ್ತಿತ್ತಲ್ಲ.

ಮಕ್ಕಳ ಬಾಯಿ ಮುಚ್ಚುವವರು ಯಾರು? ಸಂಜೆಗೆ ಊರಿಗೆಲ್ಲ ಸುದ್ದಿ. ಡೈರಿಗೆ ಹೋದರೆ ಸಾಲು ಇಬ್ಭಾಗವಾಗಿ ದಾರಿ ಬಿಟ್ಟಿತು. ಬಾ ಅಜ್ಜಿ, ನೀ ಮುಂದೆ ಬಾ, ನಿನ್ನದೇ ಮೊದಲು ಹಾಕು ಎಂದರು. ಅಷ್ಟು ಮರ್ಯಾದೆ ನನಗೆ ಹಿಂದೆ ಯಾರೂ ಕೊಟ್ಟಿರಲಿಲ್ಲ. ಹಾಲು ಅಳೆದರು, ಫ್ಯಾಟು ನೋಡಿದರು, ಚೀಟಿ ಕೊಟ್ಟರು. ಕಣ್ಣು ಮುಚ್ಚಿ ಬಿಡುವುದರಲ್ಲಿ ಮುಗಿಯಿತು. ಖಾಲಿ ಕ್ಯಾನು ಹಿಡಿದು ಹೊರಗೆ ನಿಂತೆ. ಹೊತ್ತು ಇನ್ನೂ ಮುಳುಗಿರಲಿಲ್ಲ. ಒಬ್ಬಿಬ್ಬರು ಚೆನ್ನಾಗಿದ್ದೀಯಾ ಅಜ್ಜಿ ಎಂದು ಆಸ್ಪತ್ರೆಯಲ್ಲಿ ಕೇಳುವ ಹಾಗೆ ಮೆತ್ತಗೆ ಕೇಳಿದರು. ಮೊದಲಾಗಿದ್ದರೆ ಏನಮ್ಮಿ ಮುದುಕಿ, ಹಾಲಿಗೆ ಎಷ್ಟು ನೀರು ಸೇರಿಸಿದ್ದೀಯ ಎಂದು ರೇಗಿಸುತ್ತಿದ್ದವರು. ಆ ರೇಗಿಸುವಿಕೆ ಹೋಯಿತು ನೋಡಿ, ಅದಕ್ಕೆ ನನಗೆ ಸಂಕಟ. ಹುಡುಗಿ ಹೇಳಿದ್ದು ಅಕ್ಷರಶಃ ನಡೆಯಿತು. ಒಂದೇ ವ್ಯತ್ಯಾಸ ಎಂದರೆ ನಾನು ಹೋಗುವುದನ್ನು ಬಿಡಲಿಲ್ಲ. ನಾನೇನು ಕುಂಟಿಯೇ, ನಿಮ್ಮ ಜಾಗ ನೀವು ಇಟ್ಟುಕೊಳ್ಳಿ ಎಂದು ಬೈದು ಬೈದು ಹಿಂದೆ ಸರಿದೆ. ಜನ ಕೆಲವು ದಿನ ಅಯ್ಯೋ ಎಂದರು. ಆಮೇಲೆ ಅವರವರ ಹಸು ಅವರವರಿಗೆ.

ಮಗ ನನ್ನ ಮೇಲೆ ಕೂಗಾಡುತ್ತಾನೆ ಎಂದು ಕಾದಿದ್ದೆ. ಕೂಗಾಡಲಿಲ್ಲ. ಒಂದು ಸಂಜೆ ಕೊಟ್ಟಿಗೆಗೆ ಬಂದು, ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತ. ಫೋನು ತಂದಿರಲಿಲ್ಲ. ಕಬ್ಬು ಯಾವಾಗ ಕಟಾವು ಎಂದು ಕೇಳಿದೆ. ಹೇಳಿದ. ಹಸು ಹೇಗಿದೆ ಎಂದು ಕೇಳಿದ. ಹೇಳಿದೆ. ಅಲ್ಲಿಗೆ ಮುಗಿಯಿತು. ಮಾತಿಗೆ ಇಷ್ಟು ವರ್ಷ ಹಂಬಲಿಸಿದವಳು, ಮಗ ಎದುರಿಗೆ ಬಂದು ಕೂತಾಗ ಹೇಳಲು ಒಂದು ಮಾತೂ ಸಿಗದೆ ಹಗ್ಗದ ಗಂಟು ಬಿಚ್ಚಿ ಕಟ್ಟುತ್ತಿದ್ದೆ. ಸ್ವಲ್ಪ ಹೊತ್ತು ಕೂತು ಎದ್ದು ಹೋದ. ಮತ್ತೆ ಒಂದೆರಡು ಸಲ ಬಂದಿದ್ದಾನೆ. ಅಭ್ಯಾಸವಾಗಲು ಕಾಲ ಹಿಡಿಯುತ್ತದೇನೋ. ಅಷ್ಟು ಕಾಲ ನನ್ನ ಹತ್ತಿರ ಇದೆಯೋ ಇಲ್ಲವೋ, ಅದು ಬೇರೆ.

ನಾನು ಓದಿದ್ದನ್ನು, ಅದರ ಹಿಂದೆ ಮುಂದೆ ನಡೆದದ್ದನ್ನು ಸೇರಿಸಿ ಬರೆದುಕೊಡಿ, ಮಕ್ಕಳು ಓದಲಿ ಎಂದು ಟೀಚರು ಕೇಳಿದ್ದರಿಂದ ಇದನ್ನು ತಿಂಗಳುಗಟ್ಟಲೆ ಕೂತು ಬರೆದಿದ್ದೇನೆ. ಅಕ್ಷರ ಅವರು ತಿದ್ದಿದ್ದಾರೆ, ಮಾತು ತಿದ್ದಿಲ್ಲ. ಮಕ್ಕಳಿಗೆ ನಾನು ಹೇಳುವುದು ಹೆಚ್ಚೇನಿಲ್ಲ. ನಿಮ್ಮ ಮನೆಯ ಕಥೆ ಬರೆದರೆ ಒಳ್ಳೆಯದೇ ಆಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಡೈರಿಯಲ್ಲಿ ನನಗಾದ ಹಾಗೂ ಆಗಬಹುದು. ಆದರೂ ಬರೆಯಿರಿ. ನಿಮ್ಮನ್ನು ಒಬ್ಬರು ನೋಡಿದ್ದಾರೆ ಎಂದು ತಿಳಿದ ಮೇಲೆ ಮುದ್ದೆ ಉಣ್ಣುವುದು ಬೇರೆ ಥರ ಇರುತ್ತದೆ. ಹೇಗೆ ಎಂದು ಹೇಳಲು ನನಗೆ ಬರುವುದಿಲ್ಲ.

ಹುಡುಗಿ ಮತ್ತೆ ಬರೆಯುತ್ತಿದ್ದಾಳೆ. ಮೊನ್ನೆ ಭಾನುವಾರ ಮಧ್ಯಾಹ್ನ ಜಗಲಿಯ ಮೇಲೆ ಬೋರಲು ಮಲಗಿ ಬರೆಯುತ್ತಿದ್ದವಳು ನಾನು ಬಂದ ಕೂಡಲೇ ಹಾಳೆಯ ಮೇಲೆ ಕೈ ಇಟ್ಟುಕೊಂಡಳು. ಈ ಸಲ ಏನು ಬರೆದೆ ನನ್ನ ಬಗ್ಗೆ ಎಂದು ಕೇಳಿದೆ.

"ನಿನ್ ಬಗ್ಗೆ ಅಲ್ಲ," ಎಂದಳು.

ಒಳ್ಳೆಯದಾಯಿತು ಎಂದೆ. ಸ್ವಲ್ಪ ಬೇಜಾರಾಯಿತು, ಅದನ್ನು ಯಾಕೆ ಮುಚ್ಚಿಡಲಿ. ಆಮೇಲೆ ಅವಳು ಹಾಳೆ ತಗೊಂಡು ಅಡುಗೆ ಮನೆಗೆ ಹೋದಳು. ಒಳಗೆ ಅವರಮ್ಮ ಬಟ್ಟಲಿಗೆ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಹುಡುಗಿ ಓದುವುದು ಕೇಳಿಸಿತು, ಏನು ಎಂದು ತಿಳಿಯಲಿಲ್ಲ. ಬಟ್ಟಲಿಗೆ ಅವರೆಕಾಳು ಬೀಳುವ ಸದ್ದು ನಿಂತಿತು. ಆಮೇಲೆ ಸೊಸೆ ಮಾತಾಡಲು ಶುರು ಮಾಡಿದಳು. ಅದು ಅಂಗಲ್ಲ, ಆ ಮಿಷನ್ನು ಇಂಗಿರ್ತದೆ ಎಂದು ಏನೋ ಹೇಳುತ್ತಿದ್ದಳು, ನಗುತ್ತಿದ್ದಳು, ಮತ್ತೆ ಹೇಳುತ್ತಿದ್ದಳು.

ಅವಳಿಗೆ ಅಷ್ಟು ಮಾತು ಬರುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ. ನನ್ನನ್ನು ಯಾರೂ ಕರೆಯಲಿಲ್ಲ. ನಾನೂ ಒಳಗೆ ಹೋಗಲಿಲ್ಲ.